ಹವಳದ ಅಕ್ವೇರಿಯಂನ ಕಿರುಜೀವಿಗಳು

ಕಡಲನೀರು ತುಂಬಿ ಹವಳ ಬೆಳೆಸುವ ಗಾಜಿನ ತೊಟ್ಟಿಗೆ ಕಲ್ಲು, ಮರಳು, ಹವಳದ ತುಂಡು ಅಥವಾ ಪಾಚಿಯ ಜೊತೆಯಲ್ಲಿ ತಾವಾಗಿಯೇ ಬಂದು ನೆಲೆಸುವ ಸಣ್ಣ ಅಕಶೇರುಕ ಪ್ರಾಣಿಗಳೇ ಹವಳದ ಅಕ್ವೇರಿಯಂನ ಕಿರುಜೀವಿಗಳು. ಇವುಗಳಲ್ಲಿ ಹೆಚ್ಚಿನವು 0.2 ಮಿ.ಮೀ.ನಿಂದ 2 ಸೆಂ.ಮೀ.ವರೆಗಿನ ಗಾತ್ರದವು, ಬರಿಗಣ್ಣಿಗೆ ಅಥವಾ ಭೂತಗನ್ನಡಿಗೆ ಕಾಣುತ್ತವೆ. ಸೂಕ್ಷ್ಮದರ್ಶಕವಿಲ್ಲದೆ ಕಾಣದ ಬ್ಯಾಕ್ಟೀರಿಯ, ಡಯಾಟಮ್, ಪ್ರೋಟೊಜೋವಗಳನ್ನು ಈ ಲೇಖನದಲ್ಲಿ ಸೂಕ್ಷ್ಮಜೀವಿಗಳು ಎಂದು ಬೇರೆಯಾಗಿ ಕರೆಯಲಾಗಿದೆ. ಹೊಸ ತೊಟ್ಟಿಯಲ್ಲಿ ಕಾಣಿಸಿಕೊಳ್ಳುವ ಕಿರುಜೀವಿಗಳಲ್ಲಿ ಬಹುಪಾಲು ನಿರುಪದ್ರವಿಗಳು. ಹಲವು ತೊಟ್ಟಿಯ ಆಹಾರ ಸರಪಳಿಗೆ ಬೇಕೇ ಬೇಕಾದವು. ಹವಳಕ್ಕೋ ಮೀನಿಗೋ ಕೇಡು ಮಾಡುವವು ಬೆರಳೆಣಿಕೆಯಷ್ಟು. ಬಹುತೇಕ ಸಂದರ್ಭಗಳಲ್ಲಿ ಗಣ ಅಥವಾ ಕುಟುಂಬದ ಮಟ್ಟದವರೆಗೆ ಗುರುತಿಸಿದರೆ ಸಾಕಾಗುತ್ತದೆ. ಆ ಬೆರಳೆಣಿಕೆಯ ಹಾನಿಕರ ಜೀವಿಗಳನ್ನು ಮಾತ್ರ ಜಾತಿ, ಪ್ರಭೇದದವರೆಗೆ ತಿಳಿದಿರಬೇಕಾಗುತ್ತದೆ.

ಹಿನ್ನೆಲೆ

ಕಡಲಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿ ಬದುಕಿಸುವ ಹವ್ಯಾಸ 19ನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನಲ್ಲಿ ಬೇರೂರಿತು. ಆನಾ ಥಿನ್ ಎಂಬಾಕೆ 1846ರಲ್ಲಿ ಕಡಲತೀರದಿಂದ ತಂದ ಕಲ್ಲುಹವಳಗಳನ್ನು ಲಂಡನ್ನಿನ ಮನೆಯಲ್ಲಿ ಉಳಿಸಿಕೊಂಡಳು. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದ ಮೀನುಮನೆ ತೆರೆಯಿತು. ಅದರ ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಅಕ್ವೇರಿಯಂ ಎಂಬ ಪದವನ್ನು ಜನಪ್ರಿಯಗೊಳಿಸಿತು. ಇದೇ ಗಾಸ್ ಮುಂದೆ ರೋಟಿಫರ್‌ಗಳೆಂಬ ಕಿರುಪ್ರಾಣಿಗಳ ಮೇಲಿನ ದೊಡ್ಡ ಗ್ರಂಥದ ಸಹಲೇಖಕನಾದ. ತೊಟ್ಟಿಯ ಹವ್ಯಾಸಕ್ಕೂ ಕಿರುಜೀವಿಗಳ ಅಧ್ಯಯನಕ್ಕೂ ಇರುವ ನಂಟು ಅಷ್ಟು ಹಳೆಯದು.

ಆದರೆ 20ನೆಯ ಶತಮಾನದ ಬಹುಕಾಲ ಕಡಲನೀರಿನ ತೊಟ್ಟಿಗಳಲ್ಲಿ ಕಿರುಜೀವಿಗಳಿಗೆ ಎಡೆಯಿರಲಿಲ್ಲ. ತೊಳೆದು ಬಿಳಿಚಿಸಿದ ಹವಳದ ಅಸ್ಥಿಪಂಜರಗಳನ್ನು ಅಲಂಕಾರಕ್ಕೆ ಇಡುತ್ತಿದ್ದರು; ಮೀನಿನ ರೋಗಕ್ಕೆಂದು ನೀರಿಗೆ ಬೆರೆಸುತ್ತಿದ್ದ ತಾಮ್ರದ ಲವಣ ಅಕಶೇರುಕಗಳಿಗೆ ವಿಷವಾಗಿತ್ತು. ಇದಕ್ಕೆ ತೀರ ಬೇರೆಯಾದ ದಾರಿಯನ್ನು ತೋರಿಸಿದವರು ಇಂಡೊನೇಷ್ಯದ ಲೀ ಚಿನ್ ಎಂಗ್. ಕಡಲಿನಿಂದ ತಂದ ಜೀವಭರಿತ ಕಲ್ಲು, ಗಾಳಿಗುಳ್ಳೆ ಮತ್ತು ಬಿಸಿಲು ಇಷ್ಟರಿಂದಲೇ ತೊಟ್ಟಿಯನ್ನು ನಡೆಸುವ ತಮ್ಮ ವಿಧಾನವನ್ನು ಅವರು 1961ರಲ್ಲಿ ಪ್ರಕಟಿಸಿದರು. ಮುಂದೆ ಜರ್ಮನಿಯಲ್ಲಿ ಪೀಟರ್ ವಿಲ್ಕೆನ್ಸ್ ಮತ್ತಿತರರ ಪ್ರಯತ್ನದಿಂದ ರೂಪುಗೊಂಡ ಬರ್ಲಿನ್ ವಿಧಾನದಲ್ಲಿ ಇದೇ ಕಲ್ಲಿನ ಜೊತೆಗೆ ನೊರೆಯ ಮೂಲಕ ನೀರಿನ ಕಲ್ಮಶ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಮತ್ತು ಪ್ರಖರ ದೀಪಗಳು ಸೇರಿದವು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಏಡಿ ಕಟ್ಟಿದ ಹವಳದ ದಿಬ್ಬದ ಮಾದರಿಗಳಲ್ಲಂತೂ ಕಿರುಜೀವಿಗಳ ವೈವಿಧ್ಯವೇ ಅಧ್ಯಯನದ ವಸ್ತುವಾಯಿತು. ತೊಟ್ಟಿಯೊಳಗೆ ಹರಿದಾಡುವುದು ಏನು ಎಂಬ ಪ್ರಶ್ನೆ ಸಾಮಾನ್ಯ ಹವ್ಯಾಸಿಗೂ ಎದುರಾದದ್ದು ಈ ವಿಧಾನಗಳು ಹರಡಿದ ಮೇಲೆ.

ಬರುವ ದಾರಿ, ನೆಲೆಗೊಳ್ಳುವ ಕ್ರಮ

ಕಿರುಜೀವಿಗಳ ಮುಖ್ಯ ವಾಹನ ಲೈವ್ ರಾಕ್. ಸತ್ತ ಹವಳಗಳ ಸುಣ್ಣದ ಅಸ್ಥಿಪಂಜರ ಕಡಲ ತಳದಲ್ಲಿ ವರ್ಷಗಟ್ಟಲೆ ಬಿದ್ದು, ಅದರ ಮೇಲೂ ರಂಧ್ರಗಳೊಳಗೂ ಪಾಚಿ, ಸ್ಪಂಜು, ಹುಳು, ಸೀಗಡಿ-ಏಡಿಗಳ ಬಳಗದ ಕ್ರಸ್ಟೇಸಿಯನ್‌ಗಳು ಮನೆಮಾಡಿಕೊಂಡ ಕಲ್ಲಿಗೆ ಈ ಹೆಸರು. ಸಾಗಣೆಯಲ್ಲಿ ಇವುಗಳಲ್ಲಿ ಕೆಲವು ಸಾಯುತ್ತವೆ. ಮೊಟ್ಟೆಗಳೂ ರಂಧ್ರಗಳ ಆಳದಲ್ಲಿ ಅಡಗಿದ ಜೀವಿಗಳೂ ಉಳಿದುಕೊಳ್ಳುತ್ತವೆ. ಒಣಗಿದ ಕಲ್ಲಿನಿಂದಲೋ ಕೃತಕ ಕಲ್ಲಿನಿಂದಲೋ ಆರಂಭಿಸಿದ ತೊಟ್ಟಿಗೆ ಇವು ತಡವಾಗಿ, ಹವಳದ ತುಂಡನ್ನು ಅಂಟಿಸಿದ ಬಿಲ್ಲೆ, ಬಸವನಹುಳುವಿನ ಚಿಪ್ಪು ಅಥವಾ ಕೀಟೊಮಾರ್ಫ ಪಾಚಿಯ ಮುದ್ದೆಯ ಮೂಲಕ ಬರುತ್ತವೆ.

ಹೊಸ ತೊಟ್ಟಿಯಲ್ಲಿ ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ಕಲ್ಲು, ಗಾಜು, ಮರಳಿನ ಮೇಲೆ ಡಯಾಟಮ್‌ಗಳ ಕಂದು ಪದರ ಹರಡುತ್ತದೆ. ಅದನ್ನು ತಿಂದು ಬದುಕುವ ಕೋಪೆಪಾಡ್‌ಗಳೆಂಬ ಪುಟ್ಟ ಕ್ರಸ್ಟೇಸಿಯನ್‌ಗಳು ಒಮ್ಮೆಗೇ ಸಾವಿರಗಟ್ಟಲೆ ಹೆಚ್ಚುತ್ತವೆ. ಹಿಂದೆಯೇ ಆಂಫಿಪಾಡ್‌ಗಳು, ಬಿರುಗೂದಲ ಹುಳುಗಳು ಮತ್ತು ಕೊಳವೆ ಹುಳುಗಳು ಬರುತ್ತವೆ. ಆಹಾರ ತೀರಿದಾಗ ಇಲ್ಲವೇ ಮೀನುಗಳನ್ನು ಬಿಟ್ಟಾಗ ಈ ಸಂಖ್ಯೆ ಸಹಜವಾಗಿಯೇ ಇಳಿಯುತ್ತದೆ. ಉಳಿದವು ಕಲ್ಲಿನ ಸಂದಿಗಳಿಗೆ ಸರಿದು ರಾತ್ರಿಸಂಚಾರಿಗಳಾಗುತ್ತವೆ. ಹೀಗೆ ಉಕ್ಕಿ ಇಳಿಯುವುದು ತೊಟ್ಟಿ ಹದಕ್ಕೆ ಬರುತ್ತಿರುವ ಲಕ್ಷಣ. ಅದಕ್ಕಾಗಿ ಔಷಧ ಹಾಕಬೇಕಾಗಿಲ್ಲ.

ಗುರುತಿಸುವ ವಿಧಾನ

ಬಣ್ಣ ಮತ್ತು ಗಾತ್ರ ಗುರುತಿಸುವಿಕೆಗೆ ದುರ್ಬಲ ಆಧಾರಗಳು. ಒಂದೇ ಪ್ರಭೇದದ ಮರಿ ಮತ್ತು ಬೆಳೆದ ಪ್ರಾಣಿ ಬೇರೆಬೇರೆಯಾಗಿ ಕಾಣಬಹುದು; ತಿಂದ ಪಾಚಿಯಿಂದಲೇ ದೇಹದ ಬಣ್ಣ ಬದಲಾಗಬಹುದು. ಹೆಚ್ಚು ನೆಚ್ಚಬಹುದಾದವು ಮೂರು: ದೇಹದ ಕಟ್ಟು, ಚಲಿಸುವ ರೀತಿ, ಸಿಕ್ಕ ಜಾಗ.

ದೇಹದ ಕಟ್ಟಿನಲ್ಲಿ ಮೊದಲು ನೋಡಬೇಕಾದದ್ದು ಕೀಲುಗಳಿರುವ ಕಾಲು. ಅದು ಇದ್ದರೆ ಜೀವಿ ಸಂಧಿಪದಿ. ತೊಟ್ಟಿಯಲ್ಲಿ ಹೆಚ್ಚುಕಡಿಮೆ ಯಾವಾಗಲೂ ಕ್ರಸ್ಟೇಸಿಯನ್. ಕಾಲಿಲ್ಲದೆ ಉಂಗುರಗಳೂ ಬಿರುಗೂದಲೂ ಇದ್ದರೆ ಅದು ಪಾಲಿಕೀಟ್ ಹುಳು. ಉಂಗುರವೂ ಇಲ್ಲದೆ ಮೆತ್ತಗೆ ಚಪ್ಪಟೆಯಾಗಿ ಜಾರುವುದು ಚಪ್ಪಟೆ ಹುಳು ಅಥವಾ ಏಸೀಲ್. ನಡುವಿನ ಬಾಯಿಯ ಸುತ್ತ ಕರಬಳ್ಳಿಗಳಿದ್ದರೆ ಕುಟುಕುಕಣವಂತ. ತಳದಲ್ಲಿ ಕೊಳವೆಯಂಥ ಪುಟ್ಟ ಪಾದಗಳಿರುವ ನಕ್ಷತ್ರಾಕಾರದ್ದು ಕಂಟಕಚರ್ಮಿ.

ಚಲನೆ ಇನ್ನೂ ಸ್ಪಷ್ಟವಾದ ಸಾಕ್ಷ್ಯ. ಕೋಪೆಪಾಡ್ ತಟಕ್ಕನೆ ಜಿಗಿದು ನಿಂತು ಮತ್ತೆ ಜಿಗಿಯುತ್ತದೆ. ಗ್ಯಾಮರಿಡ್ ಆಂಫಿಪಾಡ್ ಮೈಯನ್ನು ಮಡಚಿ ಬಿಡಿಸುತ್ತ, ಹಲವು ಬಾರಿ ಮಗ್ಗುಲಾಗಿಯೇ ಈಜುತ್ತದೆ. ಐಸೊಪಾಡ್ ಮೇಲ್ಮೈಗೆ ಅಂಟಿಕೊಂಡಂತೆ ನಡೆಯುತ್ತದೆ. ಮೈಸಿಡ್ ನೀರಿನ ನಡುವೆ ನಿಂತಲ್ಲೇ ತೇಲುತ್ತದೆ. ದುಂಡುಹುಳು ಮುಂದೆ ಸಾಗದೆ ಚಾಟಿಯಂತೆ ಮೈ ಬಳುಕಿಸುತ್ತದೆ. ಆದ್ದರಿಂದ ಒಂದು ನಿಶ್ಚಲ ಚಿತ್ರಕ್ಕಿಂತ ಕೆಲವು ಸೆಕೆಂಡುಗಳ ವಿಡಿಯೊ ಗುರುತಿಸುವವರಿಗೆ ಹೆಚ್ಚು ಉಪಯುಕ್ತ.

ವೀಕ್ಷಣೆಗೆ ಸೂಕ್ತವಾದ ಹೊತ್ತು ದೀಪ ಆರಿಸಿದ ಒಂದೆರಡು ಗಂಟೆಯ ನಂತರ. ಅನೇಕ ಕಡಲ ಅಕಶೇರುಕಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣದ ಕಾರಣ ಟಾರ್ಚಿಗೆ ಕೆಂಪು ಹಾಳೆ ಕಟ್ಟಿ ನೋಡುವ ರೂಢಿಯಿದೆ. ಜೀವಿಯನ್ನು ಪಿಪೆಟ್ಟಿನಿಂದ ಎಳೆದು, ತೊಟ್ಟಿಯ ನೀರನ್ನೇ ತುಂಬಿದ ಬಿಳಿ ಬಟ್ಟಲಿಗೆ ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಿಂದ ನೋಡಿದರೆ ಗಣವನ್ನು ಹೇಳಲು ಸಾಮಾನ್ಯವಾಗಿ ಸಾಧ್ಯ. ಸಿಹಿನೀರಿಗೆ ಬಿಟ್ಟರೆ ಜೀವಿ ಉಬ್ಬಿ ಆಕಾರಗೆಡುತ್ತದೆ. 40ರಿಂದ 100 ಪಟ್ಟಿನ ಸೂಕ್ಷ್ಮದರ್ಶಕ ಬೇಕಾಗುವುದು ಕೋಪೆಪಾಡ್‌ಗಳ ಒಳಗುಂಪುಗಳನ್ನು ಬೇರ್ಪಡಿಸಲು.

ಮುಖ್ಯ ಗುಂಪುಗಳು

ಕ್ರಸ್ಟೇಸಿಯನ್‌ಗಳು

ಹೊಸ ತೊಟ್ಟಿಯ ಗಾಜಿನ ಮೇಲೆ ಹರಿದಾಡುವ ಬಿಳಿ ಚುಕ್ಕೆಗಳು ಬಹುತೇಕ ಕೋಪೆಪಾಡ್‌ಗಳು. ಜಗತ್ತಿನಲ್ಲಿ ಇವುಗಳ 10,000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ತೊಟ್ಟಿಗಳಲ್ಲಿ ಹೆಚ್ಚಾಗಿ ಕಾಣುವವು ಹಾರ್ಪ್ಯಾಕ್ಟಿಕಾಯ್ಡ್ ಗಣದ ಟಿಸ್ಬಿ ಮತ್ತು ಟಿಗ್ರಿಯೋಪಸ್ ಜಾತಿಗಳು. ಉದ್ದ ಸುಮಾರು 1 ಮಿ.ಮೀ.; ತಲೆಯ ನಡುವೆ ಒಂದೇ ಕಣ್ಣು; ದೇಹ ಹಿಂದಕ್ಕೆ ಸಪೂರವಾಗುತ್ತ ಕವಲೊಡೆದ ಬಾಲದಲ್ಲಿ ಮುಗಿಯುತ್ತದೆ. ಹೆಣ್ಣಿನ ಹಿಂಬದಿಯಲ್ಲಿ ಮೊಟ್ಟೆಚೀಲ ನೇತಾಡುತ್ತಿದ್ದರೆ ಗುರುತು ಖಚಿತ. ಮೊಟ್ಟೆಯಿಂದ ಹೊರಬಂದ ಮರಿ ಆರು ನಾಪ್ಲಿಯಸ್ ಹಂತಗಳನ್ನೂ ಐದು ಕೋಪೆಪೊಡೈಟ್ ಹಂತಗಳನ್ನೂ ದಾಟಿ ಪ್ರೌಢವಾಗುತ್ತದೆ. ಕ್ಯಾಲನಾಯ್ಡ್ ಗಣದವು ಗಾಜಿಗಂಟದೆ ನೀರಿನಲ್ಲಿ ತೇಲುತ್ತವೆ. ಅವುಗಳ ಸ್ಪರ್ಶತಂತುಗಳು ಬಹಳ ಉದ್ದ.

ಆಂಫಿಪಾಡ್‌ಗಳ ದೇಹ ಎರಡೂ ಮಗ್ಗುಲಿನಿಂದ ಒತ್ತಿದಂತಿದ್ದು ಬೆನ್ನು ಕಮಾನಾಗಿರುತ್ತದೆ. ಐಸೊಪಾಡ್‌ಗಳು ಮೇಲಿನಿಂದ ಒತ್ತಿದಂತೆ ಚಪ್ಪಟೆ. ಎರಡರಲ್ಲೂ ಬೆನ್ನಿನ ಚಿಪ್ಪು ಇಲ್ಲ, ಏಳು ಜೊತೆ ಕಾಲುಗಳಿವೆ. ಆದ್ದರಿಂದ ಮೈ ಒತ್ತಿರುವ ದಿಕ್ಕೇ ಇವುಗಳನ್ನು ಬೇರ್ಪಡಿಸುವ ಸುಲಭ ಲಕ್ಷಣ. ಆಂಫಿಪಾಡ್‌ಗಳು ಕೊಳೆತದ್ದನ್ನೂ ಪಾಚಿಯನ್ನೂ ತಿಂದು ಬದುಕುತ್ತವೆ. ಐಸೊಪಾಡ್‌ಗಳಲ್ಲಿ 1–2 ಮಿ.ಮೀ. ಗಾತ್ರದ ಮುನ್ನಿಡ್‌ಗಳೂ ಚೆಂಡಿನಂತೆ ಸುತ್ತಿಕೊಳ್ಳುವ ಸ್ಫೆರೊಮ್ಯಾಟಿಡ್‌ಗಳೂ ನಿರುಪದ್ರವಿಗಳು. ನುಣುಪಾದ ಮೈ, ದೊಡ್ಡ ಕಪ್ಪು ಕಣ್ಣು, ಚುರುಕಾದ ಈಜು ಇರುವ ಸಿರೊಲಾನಿಡ್ ಕುಟುಂಬದ ಕೆಲವು ಪ್ರಭೇದಗಳು ಮಾತ್ರ ರಾತ್ರಿ ಮೀನಿಗೆ ಅಂಟಿ ಮಾಂಸ ಕೀಳುತ್ತವೆ. ಈ ಒಂದು ಕುಟುಂಬದ ಭಯದಿಂದ ಎಲ್ಲ ಐಸೊಪಾಡ್‌ಗಳನ್ನೂ ಕೊಲ್ಲುವುದಕ್ಕೆ ಆಧಾರವಿಲ್ಲ.

ಮೈಸಿಡ್‌ಗಳು ಸೀಗಡಿಯ ಮರಿಯಂತೆ ಕಾಣುತ್ತವೆ. ಬಾಲದ ಬೀಸಣಿಗೆಯಲ್ಲಿ ಕಾಣುವ ಎರಡು ಹೊಳೆಯುವ ಚುಕ್ಕೆಗಳು, ಅಂದರೆ ಸಮತೋಲನದ ಅಂಗಗಳು, ಇವುಗಳ ಖಚಿತ ಗುರುತು. ಆಸ್ಟ್ರಕೋಡ್‌ಗಳು ಎರಡು ಹೋಳಿನ ಚಿಪ್ಪಿನೊಳಗೆ ಅಡಗಿ ಬೀಜದಂತೆ ತೋರುತ್ತವೆ. ಟನೈಡ್‌ಗಳು ಕೆಸರಿನ ಕೊಳವೆ ಕಟ್ಟಿ ಒಳಗಿರುತ್ತವೆ. ಈ ಮೂರೂ ತೊಟ್ಟಿಗೆ ಒಳ್ಳೆಯವೇ.

ರಾತ್ರಿ ತೊಟ್ಟಿಯಿಂದ ಬರುವ ಟಿಕ್ ಶಬ್ದ ಮ್ಯಾಂಟಿಸ್ ಸೀಗಡಿಯದೂ ಆಗಿರಬಹುದು, ಪಿಸ್ತೂಲು ಸೀಗಡಿಯದೂ ಆಗಿರಬಹುದು. ಮೊದಲನೆಯದು ಬೇಟೆಗಾರ, ಎರಡನೆಯದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಶಬ್ದವೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಹವಳದ ಕೊಂಬೆಗಳ ನಡುವೆ ಇರುವ ನುಣುಪು ಮೈಯ ಟ್ರಪೇಜಿಯ ಏಡಿಗಳು ಹವಳವನ್ನು ಕಾಯುತ್ತವೆ. ಮೈತುಂಬ ರೋಮವಿದ್ದು ಚಿಮಟದ ತುದಿ ಕಪ್ಪಾದ ಏಡಿಗಳನ್ನು ಬೇರೆ ತೊಟ್ಟಿಗೆ ಬಿಡುವುದು ವಾಡಿಕೆ.

ಹುಳುಗಳು

ಬಿರುಗೂದಲ ಹುಳುಗಳಿಗೆ ಸಲ್ಲದ ಕೆಟ್ಟ ಹೆಸರು ಅಂಟಿದೆ. ತೊಟ್ಟಿಗಳಲ್ಲಿ ಸಾಮಾನ್ಯವಾದ ಯೂರಿಥೋಯಿ ಮತ್ತು ಅದರ ಹತ್ತಿರದ ಜಾತಿಗಳು ನಸುಗೆಂಪು ಮೈಯ, ಪ್ರತಿ ಉಂಗುರದ ಬದಿಯಲ್ಲೂ ಬಿಳಿ ಬಿರುಗೂದಲ ಕುಚ್ಚಿರುವ ಹುಳುಗಳು. ಇವು ಸತ್ತ ಪ್ರಾಣಿ, ಉಳಿದ ಆಹಾರವನ್ನು ತಿಂದು ತೊಟ್ಟಿಯನ್ನು ಶುಚಿಯಾಗಿಡುತ್ತವೆ. ಸಾಯುತ್ತಿರುವ ಹವಳದ ಮೇಲೆ ಇವು ಕಂಡರೆ ಅದು ಸಾವಿನ ಪರಿಣಾಮವೇ ಹೊರತು ಕಾರಣವಲ್ಲ. ಬರಿಗೈಯಿಂದ ಮುಟ್ಟಿದರೆ ಮಾತ್ರ ಬಿರುಗೂದಲು ಚರ್ಮಕ್ಕೆ ಚುಚ್ಚಿ ಉರಿಯುತ್ತದೆ. ನಿಜವಾದ ಹವಳಭಕ್ಷಕ ಅಟ್ಲಾಂಟಿಕ್‌ನ ಹರ್ಮೋಡೈಸ್ ಕರುಂಕುಲಾಟ. ತಲೆಯ ಮೇಲೆ ಮಡಿಕೆಗಳಿರುವ ತಿರುಳಿನಂಥ ಉಬ್ಬು ಅದರ ಗುರುತು.

ಯೂನಿಸಿಡ್ ಹುಳುಗಳ ತಲೆಯಲ್ಲಿ ಐದು ತಂತುಗಳಿದ್ದು ಮೈ ಬಣ್ಣಬಣ್ಣವಾಗಿ ಮಿನುಗುತ್ತದೆ. ಬಿರುಗೂದಲ ಕುಚ್ಚು ಎದ್ದು ಕಾಣುವುದಿಲ್ಲ. ಚಿಕ್ಕವಾಗಿರುವಾಗ ಕಲ್ಲಿನೊಳಗೆ ಅಡಗಿ ಬಂದು ವರ್ಷಗಟ್ಟಲೆ ಬೆಳೆಯಬಲ್ಲವು. 2009ರಲ್ಲಿ ಇಂಗ್ಲೆಂಡಿನ ನ್ಯೂಕೀ ಪಟ್ಟಣದ ಸಾರ್ವಜನಿಕ ಅಕ್ವೇರಿಯಂ ಒಂದರಲ್ಲಿ ಹವಳಗಳು ತುಂಡಾಗುತ್ತಿದ್ದ ಕಾರಣ ಹುಡುಕುತ್ತ ಕಲ್ಲುಗಳನ್ನು ತೆಗೆದಾಗ ಒಂದು ಮೀಟರಿಗೂ ಉದ್ದವಾದ ಇಂಥ ಹುಳು ಸಿಕ್ಕಿತು.

ಗಾಜು, ಪಂಪಿನ ಮೇಲೆ 1–3 ಮಿ.ಮೀ. ಅಗಲದ ಬಿಳಿ ಸುರುಳಿಗಳಾಗಿ ಅಂಟಿರುವವು ಸ್ಪೈರೊರ್ಬಿಡ್ ಕೊಳವೆ ಹುಳುಗಳು. ನೀರನ್ನು ಸೋಸಿ ಆಹಾರ ಪಡೆಯುವ ಇವು ನಿರುಪದ್ರವಿಗಳು. ಕಲ್ಲಿನ ಸಂದಿಯಿಂದ ಉದ್ದುದ್ದ ತೆಳು ಎಳೆಗಳನ್ನು ಚಾಚುವವು ಟೆರೆಬೆಲಿಡ್‌ಗಳು.

ತುಕ್ಕುಬಣ್ಣದ, ಹಿಂಬದಿಯಲ್ಲಿ ಮೂರು ಹಾಲೆಗಳಿರುವ ಕೆಲವೇ ಮಿ.ಮೀ. ಉದ್ದದ ಜೀವಿ ಕಾನ್ವೊಲ್ಯೂಟ್ರಿಲೋಬ. ಹವ್ಯಾಸಿಗಳು ಇದನ್ನು ಕೆಂಪು ಚಪ್ಪಟೆ ಹುಳು ಎನ್ನುತ್ತಾರೆ. ಆದರೆ ಇದು ಸೇರುವ ಏಸೀಲ್ ಗುಂಪನ್ನು ಅಣುಜೈವಿಕ ಅಧ್ಯಯನಗಳ ನಂತರ ಚಪ್ಪಟೆ ಹುಳುಗಳ ವಿಭಾಗದಿಂದ ಹೊರಗಿಡಲಾಗಿದೆ. ಮೈಯೊಳಗೆ ಪಾಚಿಯನ್ನು ಸಾಕಿಕೊಳ್ಳುವ ಇದು ಹವಳವನ್ನು ತಿನ್ನುವುದಿಲ್ಲ; ದಟ್ಟವಾಗಿ ಹಬ್ಬಿ ಬೆಳಕನ್ನು ಮರೆಮಾಡುತ್ತದೆ. ಒಮ್ಮೆಗೇ ಸತ್ತರೆ ನೀರಿಗೆ ವಿಷ ಸೇರುವುದರಿಂದ ಔಷಧಕ್ಕೆ ಮೊದಲು ಸಾಧ್ಯವಾದಷ್ಟನ್ನು ಕೊಳವೆಯಿಂದ ಹೀರಿ ತೆಗೆಯಬೇಕು.

ಕುಟುಕುಕಣವಂತಗಳು

ಹೊಸ ತೊಟ್ಟಿಗಳ ಅತ್ಯಂತ ಪರಿಚಿತ ಉಪದ್ರವಿ ಏಪ್ಟೇಸಿಯ ಎಂಬ ಕಂದು ಕಡಲ ಅನಿಮೊನಿ. ಉದ್ದ ಕಾಂಡ, ಚೂಪು ತುದಿಯ ಕರಬಳ್ಳಿಗಳು, ಮುಟ್ಟಿದೊಡನೆ ರಂಧ್ರಕ್ಕೆ ಸೆಳೆದುಕೊಳ್ಳುವ ಗುಣ ಇದರ ಗುರುತು. ಪಾದದಿಂದ ಹರಿದ ಸಣ್ಣ ಚೂರೂ ಹೊಸ ಪ್ರಾಣಿಯಾಗುವುದರಿಂದ ಇದನ್ನು ಕೆರೆದು ತೆಗೆಯಲು ಹೋದರೆ ಸಂಖ್ಯೆ ಹೆಚ್ಚುತ್ತದೆ. ಕರಬಳ್ಳಿಯ ತುದಿ ಉಬ್ಬಿರುವ, ಕುಳ್ಳಗಿನ ಅನಿಮೊನಿಯ ಮಜಾನೊ ಇನ್ನೊಂದು.

ಗಾಜಿನ ಮೇಲೆ ನಕ್ಷತ್ರದಂತೆ ಅಂಟಿ ನಿಧಾನವಾಗಿ ತೆವಳುವ, ಕವಲೊಡೆದ ಕರಬಳ್ಳಿಗಳ ಕಿರು ಪ್ರಾಣಿಗಳು ಹೈಡ್ರಾಯ್ಡ್‌ಗಳ ಜೆಲ್ಲಿಮೀನು ಹಂತ. ತೊಟ್ಟಿ ಹಳೆಯದಾದಂತೆ ಇವು ಸಾಮಾನ್ಯವಾಗಿ ಮರೆಯಾಗುತ್ತವೆ.

ಮೃದ್ವಂಗಿಗಳು

ವರ್ಮೆಟಿಡ್ ಬಸವನಹುಳು ಕಲ್ಲಿಗೆ ಅಂಟಿದ ಗಟ್ಟಿ ಕೊಳವೆಯೊಳಗಿದ್ದು ಲೋಳೆಯ ಬಲೆ ಹರಡಿ ಆಹಾರ ಹಿಡಿಯುತ್ತದೆ. ಎಳೆಯದಾಗಿರುವಾಗ ಸ್ಪೈರೊರ್ಬಿಡ್‌ನಂತೆಯೇ ಕಾಣುವ ಇದನ್ನು ಬೇರ್ಪಡಿಸುವ ಲಕ್ಷಣ ಗರಿಯಂಥ ಕಿರೀಟ: ಹುಳುವಿಗೆ ಅದಿದೆ, ಬಸವನಹುಳುವಿಗೆ ಇಲ್ಲ. ಅಕ್ಕಿಕಾಳಿನಂಥ ಬಿಳಿ ಚಿಪ್ಪಿನ ಪಿರಮಿಡೆಲಿಡ್‌ಗಳು ರಾತ್ರಿ ಟ್ರೈಡಾಕ್ನ ಚಿಪ್ಪುಜೀವಿಯ ಅಂಚಿನಲ್ಲಿ ಗುಂಪುಗೂಡಿ ಅದರ ದೇಹರಸ ಹೀರುತ್ತವೆ. ಚಿಪ್ಪು ದೇಹಕ್ಕಿಂತ ಚಿಕ್ಕದಾಗಿದ್ದು, ಬೆದರಿದಾಗ ಪಾದದ ಹಿಂತುದಿಯನ್ನೇ ಉದುರಿಸಿ ಓಡುವ ಸ್ಟೊಮಟೆಲ್ಲ ಒಳ್ಳೆಯ ಪಾಚಿಭಕ್ಷಕ. ಕೈಟನ್‌ಗಳ ಬೆನ್ನಿನಲ್ಲಿ ಎಂಟು ಫಲಕಗಳಿರುತ್ತವೆ. ಅವೂ ಪಾಚಿಯನ್ನೇ ಕೆರೆದು ತಿನ್ನುತ್ತವೆ.

ಇತರ ಗುಂಪುಗಳು

ತೋಳುಗಳ ಉದ್ದ ಸಮನಾಗಿರದ, ಒಂದು ಸೆಂ.ಮೀ.ಗೂ ಚಿಕ್ಕದಾದ ನಕ್ಷತ್ರಮೀನುಗಳು ಆಸ್ಟರಿನಿಡ್ ಕುಟುಂಬದವು. ಮೈಯನ್ನು ಎರಡಾಗಿ ಸೀಳಿ ಹೆಚ್ಚುವುದರಿಂದ ಈ ಅಸಮತೆ. ಆರು ತೋಳಿನ ಪುಟ್ಟ ಹಾವುನಕ್ಷತ್ರ ಓಫಿಯಾಕ್ಟಿಸ್ ಕೂಡ ಹೀಗೆಯೇ ಹೆಚ್ಚುತ್ತದೆ. ಮಂದ ಬೆಳಕಿನಲ್ಲಿ ಬೆಳೆಯುವ ಬಿಳಿ ಬುಡ್ಡಿಯಾಕಾರದ ಸೈಕಾನ್ ಸ್ಪಂಜು, ಕಲ್ಲಿಗಂಟಿದ ಕಡುಗೆಂಪು ಕಣದಂತಿರುವ ಹೋಮೊಟ್ರೀಮ ಎಂಬ ಫೊರಾಮಿನಿಫೆರ ಇವೆಲ್ಲ ನಿರುಪದ್ರವಿಗಳು.

ತಪ್ಪು ಗುರುತಿಸುವಿಕೆ

ಹೊಸ ಹವ್ಯಾಸಿಗಳು ಗಾಜಿನ ಮೇಲಿನ ಕೋಪೆಪಾಡ್‌ಗಳನ್ನು ಬಿಳಿಚುಕ್ಕೆ ರೋಗದ ಜೀವಿಗಳೆಂದು ಭಾವಿಸುವುದು ಬಹಳ ಸಾಮಾನ್ಯ. ಆ ರೋಗ ತರುವ ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಏಕಕೋಶ ಜೀವಿ. ನೀರಿನಲ್ಲಿ ಈಜುವ ಅದರ ಹಂತ ಬರಿಗಣ್ಣಿಗೆ ಕಾಣುವುದೇ ಇಲ್ಲ. ಚುಕ್ಕೆ ಕಾಣುವುದು ಮೀನಿನ ಮೈಮೇಲೆ. ಕ್ರಸ್ಟೇಸಿಯನ್‌ಗಳು ಬಿಟ್ಟ ಪೊರೆಯನ್ನು ಸತ್ತ ಪ್ರಾಣಿಯೆಂದೂ, ಬಸವನಹುಳುಗಳ ಮೊಟ್ಟೆಗಳನ್ನು ಪರೋಪಜೀವಿಯೆಂದೂ ತಿಳಿಯುವುದುಂಟು. ಗುಳ್ಳೆಗಳನ್ನು ಹಿಡಿದ ಕಂದು ಲೋಳೆಯ ಎಳೆಗಳು ಡೈನೊಫ್ಲಾಜೆಲೇಟ್‌ಗಳದ್ದಾಗಿರಬಹುದು. ಅವನ್ನು ಡಯಾಟಮ್‌ನಿಂದ ಬೇರ್ಪಡಿಸಲು ಸೂಕ್ಷ್ಮದರ್ಶಕವೇ ಬೇಕು.

ಹವಳಭಕ್ಷಕಗಳು ಮತ್ತು ನಿಯಂತ್ರಣ

ಅಕ್ರೊಪೊರ ಹವಳಕ್ಕೆ ಅಂಟುವ ಎರಡು ಜೀವಿಗಳನ್ನು ಪ್ರಭೇದದ ಮಟ್ಟದಲ್ಲಿಯೇ ತಿಳಿಯಬೇಕು. ಮೊದಲನೆಯದು ಟೆಗಾಸ್ಟೆಸ್ ಅಕ್ರೊಪೊರಾನಸ್, ಸುಮಾರು 0.5 ಮಿ.ಮೀ.ನ ಹಳದಿ ಮೈಯಲ್ಲಿ ಕೆಂಪು ಚುಕ್ಕೆಯಿರುವ ಕೋಪೆಪಾಡ್. ಹವ್ಯಾಸಿಗಳ ಬಾಯಲ್ಲಿ ರೆಡ್ ಬಗ್. ಎರಡನೆಯದು 2011ರಲ್ಲಿ ವಿಜ್ಞಾನಕ್ಕೆ ಪರಿಚಿತವಾದ, ಈಗ ಪ್ರಾಸ್ಥಿಯೊಸ್ಟೋಮಮ್ ಅಕ್ರೊಪೊರೆ ಎಂಬ ಹೆಸರಿನ ಚಪ್ಪಟೆ ಹುಳು. ಹವಳದ ಬಣ್ಣವನ್ನೇ ಹೊತ್ತಿರುವ ಇದು ಕಣ್ಣಿಗೆ ಬೀಳುವುದು ಅಪರೂಪ. ದುಂಡಗಿನ ಪೇಲವ ಕಚ್ಚುಗುರುತುಗಳು ಮತ್ತು ಜೀವವಿಲ್ಲದ ಬುಡದಲ್ಲಿ ಸಾಲಾಗಿ ಇಟ್ಟ ಕಂದು ಮೊಟ್ಟೆಗಳಿಂದ ಇದರ ಇರವು ತಿಳಿಯುತ್ತದೆ.

ನಿಯಂತ್ರಣದ ನಂಬಬಹುದಾದ ಕ್ರಮ ಹೊಸ ಹವಳವನ್ನು ಪ್ರತ್ಯೇಕ ತೊಟ್ಟಿಯಲ್ಲಿ ಕೆಲವು ವಾರ ಇರಿಸಿ ನೋಡುವುದು. ಹವಳವನ್ನು ಔಷಧದ ನೀರಿನಲ್ಲಿ ಅದ್ದಿದರೆ ಜೀವಿಗಳು ಉದುರುತ್ತವೆ, ಮೊಟ್ಟೆಗಳು ಉಳಿಯುತ್ತವೆ. ಆದ್ದರಿಂದ ಬುಡದ ಬಿಲ್ಲೆಯನ್ನು ಬದಲಿಸಿ, ಮೊಟ್ಟೆಯೊಡೆಯುವ ಹೊತ್ತಿಗೆ ಮತ್ತೆ ಅದ್ದುತ್ತಾರೆ. ಏಪ್ಟೇಸಿಯವನ್ನು ಬರ್ಗಿಯ ಎಂಬ ಚಿಪ್ಪಿಲ್ಲದ ಮೃದ್ವಂಗಿ, ಲಿಸ್ಮಾಟ ಸೀಗಡಿ ಮತ್ತು ಕೆಲವು ಚಿಟ್ಟೆಮೀನುಗಳು ತಿನ್ನುತ್ತವೆ. ಉಪದ್ರವಿಗಳನ್ನು ಕೊಲ್ಲಲೆಂದು ಕಲ್ಲನ್ನು ಕುದಿಸುವುದು ಅಪಾಯಕರ: ಪಾಲಿಥೋವ ಎಂಬ ಹವಳಬಂಧುವಿನಲ್ಲಿರುವ ಪಾಲಿಟಾಕ್ಸಿನ್ ಆವಿಯೊಂದಿಗೆ ಉಸಿರಿಗೆ ಸೇರಿ ಮನುಷ್ಯರು ತೀವ್ರ ಅಸ್ವಸ್ಥರಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಉಪಯೋಗ

ಮ್ಯಾಂಡರಿನ್ ಮೀನು ಮುಖ್ಯವಾಗಿ ಜೀವಂತ ಕಿರುಜೀವಿಗಳನ್ನೇ ಹೆಕ್ಕಿ ತಿನ್ನುವುದರಿಂದ ಕೋಪೆಪಾಡ್ ಸಂತತಿ ನೆಲೆಗೊಳ್ಳದ ತೊಟ್ಟಿಯಲ್ಲಿ ಅದು ಸೊರಗಿ ಸಾಯುತ್ತದೆ. ಇದಕ್ಕಾಗಿಯೇ ಮೀನು ನುಗ್ಗದ ರೆಫ್ಯೂಜಿಯಂ ಎಂಬ ಪಕ್ಕದ ಕೋಣೆಯಲ್ಲಿ ಪಾಚಿಯೊಂದಿಗೆ ಕಿರುಜೀವಿಗಳನ್ನು ಬೆಳೆಸುತ್ತಾರೆ. ಕಡಲಮೀನುಗಳ ಮರಿಗಳ ಮೊದಲ ಆಹಾರವಾಗಿ ರೋಟಿಫರ್ ಮತ್ತು ಕೋಪೆಪಾಡ್‌ಗಳ ಸಾಕಣೆ ಮೀನುಗಾರಿಕಾ ವಿಜ್ಞಾನದ ಒಂದು ಶಾಖೆಯೇ ಆಗಿದೆ. ಉಪದ್ರವಿ ಏಪ್ಟೇಸಿಯ ಕೂಡ ಪ್ರಯೋಗಾಲಯದಲ್ಲಿ ಬೆಲೆಬಾಳುವ ಪ್ರಾಣಿ: ಹವಳಗಳಂತೆ ಸಹಜೀವಿ ಪಾಚಿಯನ್ನು ಹೊಂದಿ ಹವಳಕ್ಕಿಂತ ಸುಲಭವಾಗಿ ಬೆಳೆಯುವ ಇದರ ಜೀನೋಮ್ 2015ರಲ್ಲಿ ಪ್ರಕಟವಾಯಿತು. ಹವಳ ಬಿಳಿಚುವುದರ ಕಾರಣಗಳನ್ನು ಇದರ ಮೇಲೆ ಪರೀಕ್ಷಿಸಲಾಗುತ್ತಿದೆ.

ಸದ್ಯದ ಸ್ಥಿತಿ

ಕಲ್ಲುಹವಳಗಳ ಅಂತರರಾಷ್ಟ್ರೀಯ ವ್ಯಾಪಾರ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದ ನಿಯಮಗಳಿಗೆ ಒಳಪಟ್ಟಿದೆ. ಅಮೆರಿಕದ ಫ್ಲಾರಿಡಾ ಕರಾವಳಿಯ, ಕೇಂದ್ರ ಸರ್ಕಾರದ ವ್ಯಾಪ್ತಿಯ ಕಡಲಿನಲ್ಲಿ ಲೈವ್ ರಾಕ್ ಕೀಳುವುದನ್ನು 1997ರ ಆರಂಭದಿಂದ ನಿಷೇಧಿಸಿ, ಕಡಲಿನಲ್ಲಿ ಕಲ್ಲು ಇಳಿಬಿಟ್ಟು ಜೀವಿಗಳು ನೆಲೆಸಿದ ಮೇಲೆ ಎತ್ತುವ ಕೃಷಿಗೆ ಅವಕಾಶ ಕೊಡಲಾಯಿತು. ಭಾರತದಲ್ಲಿ ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಲಕ್ಷದ್ವೀಪದಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಿಂದಾಗಲಿ ಹವಳ ಅಥವಾ ಹವಳದ ಕಲ್ಲನ್ನು ತೆಗೆಯುವುದು ಅಪರಾಧ. ಕರ್ನಾಟಕದ ಕರಾವಳಿಯಲ್ಲಿ ಇಳಿತದ ಹೊತ್ತು ಬಂಡೆಗಳ ನಡುವೆ ನಿಲ್ಲುವ ನೀರಿನಲ್ಲಿ ಆಂಫಿಪಾಡ್, ಐಸೊಪಾಡ್, ಕೊಳವೆ ಹುಳುಗಳನ್ನು ಇದ್ದಲ್ಲಿಯೇ ಭೂತಗನ್ನಡಿ ಹಿಡಿದು ನೋಡಬಹುದು.

ಒಣಕಲ್ಲಿನ ಬಳಕೆ ಹೆಚ್ಚಿದ ಮೇಲೆ ಹೊಸ ತೊಟ್ಟಿಗಳ ಜೀವವೈವಿಧ್ಯ ಕುಗ್ಗಿದೆ. ಈ ಕೊರತೆ ತುಂಬಲು ಸಾಕಿದ ಕೋಪೆಪಾಡ್‌ಗಳನ್ನು ಬಾಟಲಿಗಳಲ್ಲಿ ಮಾರುತ್ತಾರೆ. ರೂಪದಿಂದ ಬೇರ್ಪಡಿಸಲಾಗದ ಪ್ರಭೇದಗಳಿಗೆ ಡಿಎನ್ಎ ಬಾರ್‌ಕೋಡ್ ವಿಧಾನ ನೆರವಾಗುತ್ತಿದೆ. ತೊಟ್ಟಿಯ ಜೀವಿಗಳಲ್ಲಿ ಹಲವಕ್ಕೆ ಇನ್ನೂ ಪ್ರಭೇದದ ಹೆಸರಿಲ್ಲ. ಮಾಂಟಿಪೊರ ಹವಳವನ್ನು ತಿನ್ನುವ ಚಿಪ್ಪಿಲ್ಲದ ಮೃದ್ವಂಗಿಯನ್ನು ಹವ್ಯಾಸಿಗಳು ವರ್ಷಗಳಿಂದ ಬಲ್ಲವರಾಗಿದ್ದರೂ ಅದಕ್ಕೆ ಫೆಸ್ಟಿಲ್ಲ ಸಬೋಡಿಯೋಸ ಎಂಬ ವೈಜ್ಞಾನಿಕ ಹೆಸರು ದೊರೆತದ್ದು 2020ರಲ್ಲಿ.